ಆಕಾಶದಲ್ಲಿ ಬೀಗರ ಊಟ

ಮನುಷ್ಯನ ದೇಹದಷ್ಟು ಸಂಭಾವಿತ ವಸ್ತು ಈ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಇಡೀ ವಾಯುಮಂಡಲವೇ ನಮ್ಮ ನೆತ್ತಿಯ ಮೇಲೆ ಕೂತಿದೆ. ಒಂದು ದಿನವಾದರೂ ದೇಹ ಗೊಣಗಿದ್ದುಂಟೇ? ಹೊರಗಿನಿಂದ ಗಾಳಿ ಎಷ್ಟು ಒತ್ತುತ್ತದೋ ಒಳಗಿನಿಂದ ಅದೂ ಅಷ್ಟೇ ಒತ್ತಿ, ಏನೂ ನಡೆದಿಲ್ಲವೆಂಬಂತೆ ಸಂತೆಗೆ ಹೋಗಿ ಬದನೆಕಾಯಿ ತರುತ್ತದೆ. ಹಿರೇಕೆರೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ, ಏರಿದರೆ ಕುಗ್ಗುತ್ತದೆ. ಹುಡುಗರು ಉರುಹೊಡೆದು ಪಾಸಾದರು. ಪ್ರಾಯೋಗಿಕ ಪರೀಕ್ಷೆ ಮಾತ್ರ ನನ್ನ ಪಾಲಿಗೆ ಉಳಿದಿತ್ತು. ನಿವೃತ್ತನಾಗಿ ಹಾನಗಲ್ಲಿನಲ್ಲಿ ಮನೆ ಕಟ್ಟಿಕೊಂಡ ಮೇಲೆ, ಹೆಣ್ಣಿನ ತಂದೆಯ ಪಾತ್ರದಲ್ಲಿ, ಅದಕ್ಕೆ ಕೂರಬೇಕಾಯಿತು.

ನನ್ನ ಮಗಳಿಗೆ ಶಿಗ್ಗಾಂವದ ಕಾಳಿನ ವ್ಯಾಪಾರಿ ಚನ್ನಬಸಪ್ಪನವರ ಮಗನ ಸಂಬಂಧ ಬಂದಿತ್ತು. ಹುಡುಗ ದಿಲ್ಲಿಯಲ್ಲಿ ರೈಲ್ವೆ ಕಚೇರಿಯಲ್ಲಿದ್ದಾನೆ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಚನ್ನಬಸಪ್ಪನವರು ಮಾತ್ರ ಹೂಂ ಅಂದಿರಲಿಲ್ಲ. "ಮೊದಲ ಹುಡುಗನ ಮನಿ ನೋಡ್ರಿ, ಆಮ್ಯಾಲೆ ಮಾತಾಡೂಣು," ಎಂದು ನನ್ನನ್ನೂ ನನ್ನ ಹೆಂಡತಿ ಗಿರಿಜೆಯನ್ನೂ ತಮ್ಮ ಜೊತೆ ವಿಮಾನದಲ್ಲಿ ಹೊರಡಿಸಿದರು. ನಮ್ಮ ಕಡೆ ಹೆಣ್ಣಿನವರು ಹುಡುಗನ ಮನೆ ನೋಡುವುದೆಂದರೆ, ಹುಡುಗನ ಕಡೆಯವರು ಹೆಣ್ಣಿನ ಅಪ್ಪನನ್ನು ನೋಡುವುದು ಎಂದೇ ಅರ್ಥ. ಚನ್ನಬಸಪ್ಪನವರೋ ರುಮಾಲು ಸುತ್ತಿದ, ತೂಗಿ ಮಾತಾಡುವ, ಸೀನಿದರೂ ಪಂಚೆಯ ನಿರಿಗೆ ಕೆಡದ ಮನುಷ್ಯ. "ದಿಲ್ಲಿ ಮುಟ್ಟೂಮಟ ಮರ್ಯಾದಿಲೇ ಇರ್ರಿ," ಎಂದು ಗಿರಿಜೆ ಬಾಗಿಲಲ್ಲೇ ಎಚ್ಚರಿಸಿದ್ದಳು.

ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಶಿಗ್ಗಾಂವದ ಅವರ ಮನೆಯಲ್ಲೇ ಊಟ. ಬೀಗರಾಗಬಹುದಾದವರ ಮನೆಯಲ್ಲಿ ಮೊದಲ ಸಲ ಉಣ್ಣಲು ಕೂತವನು "ಸಾಕು" ಅಂದರೆ ಅಡುಗೆಯನ್ನಲ್ಲ, ಸಂಬಂಧವನ್ನೇ ಬೇಡ ಅಂದಂತೆ. ಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮಡಿಕೆಕಾಳಿನ ಉಸಳಿ, ಅಲಸಂದಿ ಪಲ್ಯ, ಮೂಲಂಗಿ, ಹಸಿ ಉಳ್ಳಾಗಡ್ಡಿ. ಅಂಗಡಿಯ ಕಾಳೆಲ್ಲ ತಾಟಿಗೆ ಬಂದು ಸಭೆ ಸೇರಿದಂತಿತ್ತು. "ಮಾಸ್ತರ, ಉಸಳಿ ಮುಟ್ಟೇ ಇಲ್ಲಲ್ರಿ," ಎಂದು ಮತ್ತೆ ಬಡಿಸಿದರು. ಈ ಕಾಳುಗಳು ಹೊಟ್ಟೆಯಲ್ಲಿ ಏನಾಗುತ್ತವೆ, ಹಾಗಾದದ್ದು ಆಕಾಶದಲ್ಲಿ ಮತ್ತೇನಾಗುತ್ತದೆ ಎಂಬುದು ಆ ಪಂಕ್ತಿಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಮಗಳ ಮುಖ ನೆನೆದು ಉಂಡೆ.

ವಿಮಾನದಲ್ಲಿ ಕಿಟಕಿಯ ಬದಿ ಚನ್ನಬಸಪ್ಪನವರು, ಈ ಬದಿ ಗಿರಿಜೆ, ನಡುವೆ ನಾನು. ವಿಮಾನದೊಳಗೆ ಗಾಳಿ ತುಂಬಿರುತ್ತಾರೆ ನಿಜ, ಆದರೆ ನೆಲದ ಮೇಲಿದ್ದಷ್ಟಲ್ಲ. ಒಂದು ಎತ್ತರದ ಬೆಟ್ಟದ ತುದಿಯಲ್ಲಿ ಇರುವಷ್ಟು. ಚನ್ನಬಸಪ್ಪನವರ ತೊಡೆಯ ಮೇಲೆ, ಮಗನಿಗೆಂದು ಒಯ್ಯುತ್ತಿದ್ದ ಕುರುಕಲು ತಿಂಡಿ, ಸವಣೂರು ಖಾರದ ಬಾಯಿ ಬಿಗಿದ ಪ್ಲಾಸ್ಟಿಕ್ ಪೊಟ್ಟಣವಿತ್ತು. ಮೇಲೇರಿದಂತೆ ಅದು ದಿಂಬಿನ ಹಾಗೆ ಉಬ್ಬಿತು. ಅವರು ಅದನ್ನು ಬೆರಳಿನಿಂದ ಒತ್ತಿ ನೋಡಿ ನನ್ನ ಕಡೆ ತಿರುಗಿದರು. ನಾನು ಮೋಡಗಳನ್ನು ನೋಡಿದೆ. ಪೊಟ್ಟಣಕ್ಕೆ ಒಪ್ಪಿದ ನಿಯಮವನ್ನು ನನ್ನ ಹೊಟ್ಟೆಯೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತಿತ್ತು. ಮೊದಲು ತಂಬೂರಿಯ ಶ್ರುತಿ, ಆಮೇಲೆ ಮದ್ದಳೆ.

ಆಶ್ಚರ್ಯವೆಂದರೆ ಚನ್ನಬಸಪ್ಪನವರು ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ, ಹಿಂದಿನ ಸಾಲಿನವರು ಎದ್ದು ನೋಡುವಂಥ ದನಿಯಲ್ಲಿ, "ಮಾಸ್ತರ, ಕಿವಿ ಎರಡೂ ಮುಚ್ಯಾವ. ಏನೂ ಕೇಳವಲ್ದು," ಎಂದರು. ಅವರಿಗೆ ನೆಗಡಿಯಾಗಿತ್ತು, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಳಿಗೆ ಕಟ್ಟಿಕೊಂಡು, ಒಳಗೆ ಹಿಗ್ಗಿದ ಗಾಳಿ ಹೊರಬರಲಾರದೆ ಕೂತಿತ್ತು. ಉಪಾಯ ನನಗೆ ಗೊತ್ತಿತ್ತು. ಹೇಳಿದರೆ ಅವರಿಗೆ ಆರಾಮ, ನನ್ನ ಮಗಳ ಸಂಬಂಧಕ್ಕೆ ಗಂಡಾಂತರ. ಗಿರಿಜೆ ನನ್ನ ಮನಸ್ಸು ತಿಳಿದು ತೊಡೆ ಚಿವುಟಿದಳು. ಆದರೆ ಅವರು ಕಿವಿ ಹಿಡಿದುಕೊಂಡು ನರಳುವುದನ್ನು ನೋಡಲಾಗಲಿಲ್ಲ. ಬಾಯಿ ಅಗಲ ತೆರೆದು ಆಕಳಿಸಿ, ಉಗುಳು ನುಂಗಿ ತೋರಿಸಿದೆ. ಅವರು ಹಾಗೇ ಮಾಡಿದರು. ಮೂರನೆಯ ಆಕಳಿಕೆಗೆ ಮುಖ ಅರಳಿತು. ಅದೇ ಕ್ಷಣಕ್ಕೆ ನನ್ನ ಮದ್ದಳೆ ಮುಕ್ತಾಯದ ಪೆಟ್ಟು ಹೊಡೆಯಿತು.

"ನಿಮ್ಮದೇನ್ರಿ?" ಎಂದರು, ಮೆಲ್ಲಗೆ.

"ಹೌದ್ರಿ," ಎಂದೆ.

ಅವರು ದೀರ್ಘವಾಗಿ ಉಸಿರು ಬಿಟ್ಟರು. "ಹಂಗಾರ ನಾನೂ ಪಂಚಿ ಗಂಟು ಸಡ್ಲ ಮಾಡ್ಕೋತೇನಿ. ಮಾಸ್ತರ ಮಂದಿ ಏನ್ ತಿಳ್ಕೋತಾರೋ ಅಂತ ಹುಬ್ಬಳ್ಳಿಯಿಂದ ಬಿಗಿ ಹಿಡದ ಕುಂತೇನಿ. ಉಸಳಿ ನಾನೇನ್ ಕಡಿಮಿ ಉಂಡೇನೇನ್ರಿ?"

ಎದೆಯ ಮೇಲಿನ ಕಲ್ಲು ಇಳಿದ ಸಂತೋಷದಲ್ಲಿ ನಾನು ಅನಿಲ ನಿಯಮವನ್ನು ಆದಿಯಿಂದ ಹೇಳತೊಡಗಿದೆ. ಗಾಳಿ ತೆಳುವಾದರೆ ಶ್ವಾಸಕೋಶ ಯಾರಿಗೂ ಹೇಳದೆ ಒಂದಿಷ್ಟು ಜೋರಾಗಿ ದುಡಿಯುವುದು, ಹೃದಯ ಹೆಜ್ಜೆ ಚುರುಕು ಮಾಡುವುದು, ನಾವು ಮಾತ್ರ ಚಹಾ ಕುಡಿಯುತ್ತ ಕೂತಿರುವುದು, ಹೊಟ್ಟೆ ಇಷ್ಟೆಲ್ಲ ಹಿಗ್ಗಿಯೂ ತನ್ನ ಮಿತಿ ಮೀರದ ದೊಡ್ಡತನ, ಎಲ್ಲವನ್ನೂ ವಿವರಿಸಿದೆ. ಖಾರದ ಪೊಟ್ಟಣವನ್ನು ಎತ್ತಿ ತೋರಿಸಿದೆ. ಚನ್ನಬಸಪ್ಪನವರು ತಲೆದೂಗಿದರು, ಆಮೇಲೆ ನಿದ್ದೆಗೆ ತಲೆಯಷ್ಟೇ ತೂಗಿತು. ದಿಲ್ಲಿ ಬರುವವರೆಗೂ ನಾನು ನಿಲ್ಲಿಸಲಿಲ್ಲ.

ಹುಡುಗನ ಮನೆಯಲ್ಲಿ ಚಹಾ ಆದ ಮೇಲೆ ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡರು. ನಾನು ಕುರ್ಚಿಯ ತುದಿಗೆ ಬಂದೆ. "ಸಂಬಂಧ ನಮಗ ಪಸಂದ್ ಐತ್ರಿ," ಎಂದು ಗಿರಿಜೆಯ ಕಡೆ ತಿರುಗಿ ಹೇಳಿದರು. "ಬಂಗಾರ ಬ್ಯಾಡ, ಬಟ್ಟಿಬರಿ ಬ್ಯಾಡ. ಷರತ್ತು ಒಂದ ಐತಿ. ಹೊಟ್ಟಿ ಸಪ್ಪಳ ತಡಕೋತೇನಿ, ಪಾಠ ತಡಕೊಳ್ಳಾಕ ಆಗೂದಿಲ್ಲ. ಹೊಳ್ಳಿ ಹೋಗೂ ಮುಂದ ಮಾಸ್ತರು ಬ್ಯಾರೆ ಸಾಲಿನ್ಯಾಗ ಕುಂದ್ರಬೇಕು."

ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಒಪ್ಪಿಬಿಟ್ಟಳು.