ನಿಮ್ಮ ಮನೆ ಅಂದರೆ ಯಾರ ಮನೆ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲವಳಿಗೆ ನಕ್ಷೆಯೂ ಬೇಕಿಲ್ಲ ಎಂದು ಆ ಗಾದೆಗೆ ಮೂರನೆಯ ಪಾದ ಸೇರಿಸಿದವಳು ನಾನು! ಉರುಗ್ವೆ ದೇಶದ ಮೋಂತೆವಿದೆಯೋ ನಗರದ ಶಾಲೆಯೊಂದರಲ್ಲಿ ಜೀವಮಾನವಿಡೀ ಸ್ಪ್ಯಾನಿಷ್ ವ್ಯಾಕರಣ ಕಲಿಸಿ, ಕರ್ತೃ ಕರ್ಮ ಕ್ರಿಯಾಪದಗಳನ್ನು ಕಿವಿ ಹಿಂಡಿ ಸಾಲಿನಲ್ಲಿ ನಿಲ್ಲಿಸಿ ನಿವೃತ್ತಳಾದ ನಿಬಿಯಾ ಟೀಚರ್ ಎಂದರೆ ಸಾಮಾನ್ಯಳೇ? ನನ್ನ ಗಂಡ ಏಬೆರ್ ಅದೇ ಊರಿನ ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ತಯಾರಿಸುತ್ತಿದ್ದವನು. ಇಬ್ಬರೂ ನಿವೃತ್ತರಾದ ಮೇಲೆ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು, ಬಾಳೆ ಬೆಳೆಯುವ ಬಿಸಿ ದೇಶಗಳನ್ನೆಲ್ಲ ಸುತ್ತಿ ಬರುವುದೆಂದು ತೀರ್ಮಾನವಾಯಿತು. ಎಲ್ಲಿ ಇಳಿಯುವುದು, ಎಷ್ಟು ದಿನ ಉಳಿಯುವುದು, ಅದೊಂದೂ ತೀರ್ಮಾನವಾಗಲಿಲ್ಲ. ಆಗದಂತೆ ನೋಡಿಕೊಂಡವಳೂ ನಾನೇ.

“ಒಂದು ಪ್ಲ್ಯಾನ್ ಅಂತ ಬೇಡ್ವೇನೇ?” ಎಂದು ಏಬೆರ್ ಗೋಗರೆದ.

“ಪನಾಮಾದಿಂದ ಮೆಕ್ಸಿಕೋವರೆಗೂ ಎಲ್ರೂ ಆಡೋದು ನಮ್ಮ ಭಾಷೆ ಕಣೋ. ಬಾಯೊಂದಿದ್ರೆ ಸಾಕು.”

“ಬಾಯಿ ನಿನಗಿದೆ. ಅದ್ರಲ್ಲಿ ನಂಗೆ ಯಾವತ್ತೂ ಅನುಮಾನ ಬಂದಿಲ್ಲ.”

ಕೊನೆಗೆ ಪಂದ್ಯ ಕಟ್ಟಿದೆವು. ನನ್ನ ಭಾಷೆ ಎಂದು ಕೈಕೊಡುತ್ತದೋ ಅಂದಿನಿಂದ ಮುಂದಿನ ಪ್ರವಾಸವೆಲ್ಲ ಏಬೆರನ ವೇಳಾಪಟ್ಟಿಯಂತೆ. ಇದು ಸಣ್ಣ ಪಣವೆಂದು ಭಾವಿಸಬೇಡಿ. ಆ ಮನುಷ್ಯ ನಮ್ಮ ಮದುವೆಯಾದ ಹೊಸದರಲ್ಲಿ ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ, ಸೂರ್ಯಾಸ್ತ ನೋಡಿ ಬೆರಗಾಗುವುದಕ್ಕೂ ಇಷ್ಟು ನಿಮಿಷ ಎಂದು ಗೊತ್ತುಮಾಡಿಟ್ಟಿದ್ದವನು. ಬೆರಗು ಮುಗಿಯುವ ಮೊದಲೇ ಬಸ್ಸಿಗೆ ಹತ್ತಿಸಿದ್ದ.

ದಾರಿಯಲ್ಲಿ ಸಣ್ಣಪುಟ್ಟ ಎಡವಟ್ಟುಗಳಾಗಲಿಲ್ಲವೆಂದಲ್ಲ. ಬಾಳೆಹಣ್ಣಿಗೆ ಗಡಿ ದಾಟಿದಲ್ಲೆಲ್ಲ ಹೊಸ ಹೆಸರು. ಅದು ನಾಮಪದದ ತಪ್ಪು, ನನ್ನದಲ್ಲ ಎಂದೆ. ಒಂದೂರಿನಲ್ಲಿ ಬಸ್ಸು “ಈಗಲೇ ಬರುತ್ತೆ” ಎಂದರು. ಬೆಳಿಗ್ಗೆ ಹೇಳಿದ ಆ “ಈಗಲೇ” ಸಂಜೆಯಾದರೂ ಬರಲಿಲ್ಲ. ಅದು ಕ್ರಿಯಾವಿಶೇಷಣದ ತಪ್ಪು ಎಂದೆ. ಹೀಗೆ ಭಾಷೆಯ ಒಂದೊಂದೇ ಅಂಗದ ಮೇಲೆ ಅಪರಾಧ ಹೊರಿಸುತ್ತ ನಾನು ನಿರಪರಾಧಿಯಾಗಿಯೇ ಮೆಕ್ಸಿಕೋ ತಲುಪಿದೆ. ವೆರಾಕ್ರೂಸ್ ಸೀಮೆಯ ನದಿ ದಂಡೆಯ ಒಂದು ಪುಟ್ಟ ಊರಿನ ಬಳಿ ಬಸ್ಸು ಕೆಟ್ಟು ನಿಂತಿತು. ಇಳಿದೆವು. ಊರು ಚೆನ್ನಾಗಿತ್ತು, ಉಳಿದೆವು. ಇಗರ್ಜಿಯ ಹಿಂದೆ, ನೀಲಿ ಬಾಗಿಲಿನ ಮನೆಯಲ್ಲಿ ಮೇಚೆ ಎಂಬ ವಿಧವೆ ನಮಗೆ ಒಂದು ಕೋಣೆಯನ್ನೂ ಬಾದಾಮಿ ಮರವಿದ್ದ ಅಂಗಳವನ್ನೂ ಬಾಡಿಗೆಗೆ ಕೊಟ್ಟಳು.

ಮರುದಿನ ಸಂತೆ ಬೀದಿಯಲ್ಲಿ ಮುದುಕನೊಬ್ಬ ಏಣಿ ಹತ್ತಿ ಬೇಕರಿಯ ಬೋರ್ಡು ಬರೆಯುತ್ತಿದ್ದ. ಒಂದು ಅಕ್ಷರದ ನೆತ್ತಿಯ ಮೇಲಿರಬೇಕಾದ ಗೆರೆ ಇರಲಿಲ್ಲ. ಕಂಡವರ ಬೋರ್ಡಿನ ತಪ್ಪು ನಿನಗ್ಯಾಕೆ ಎಂದು ಏಬೆರ್ ನನ್ನ ತೋಳು ಹಿಡಿದು ಎಳೆದ. ನಾನು ಬಿಡುತ್ತೇನೆಯೇ? ಕೆಳಗಿನಿಂದಲೇ ಕೂಗಿ ಹೇಳಿದೆ. ಮುದುಕ ಸಿಟ್ಟಾಗಲಿಲ್ಲ. ನಿಧಾನವಾಗಿ ಕುಂಚ ಅದ್ದಿ ಗೆರೆ ಎಳೆದ, ಏಣಿಯಿಂದ ಇಳಿದು ಬಂದ, ಟೋಪಿ ತೆಗೆದ. ತನ್ನ ಹೆಸರು ಫಿದೆನ್ಸಿಯೋ, ಈ ಊರಿನ ಬೋರ್ಡು ಬಾಗಿಲುಗಳಿಗೆಲ್ಲ ಬಣ್ಣ ಬಳಿದವನು ತಾನೇ ಎಂದ. ಭಾನುವಾರ ತನ್ನ ತಾಯಿಯ ನಾಮದ ಹಬ್ಬ, ಅವಳ ಹೆಸರಿನ ಸಂತರ ದಿನ, ನಾವಿಬ್ಬರೂ ಇರಲೇಬೇಕು ಎಂದ.

“ಎಲ್ಲಿ?” ಎಂದು ಕೇಳಿದೆ.

“ನಿಮ್ಮ ಮನೇಲಿ, ಟೀಚರಮ್ಮ. ಮಧ್ಯಾಹ್ನದ ಊಟ. ಮಕ್ಕಳು ಮೊಮ್ಮಕ್ಕಳು ಎಲ್ಲ ಇರ್ತೀವಿ. ಇಗರ್ಜಿ ಹಿಂದೆ, ನೀಲಿ ಬಾಗಿಲು. ಅದು ನಿಮ್ಮದೇ ಮನೆ.”

ಅಲ್ಲಿಂದ ಕೋಣೆಗೆ ಬರುವಷ್ಟರಲ್ಲಿ ನನ್ನ ಮುಖ ಬಿಳಿಚಿಕೊಂಡಿತ್ತು. ಒಂದು ಮಂಚ, ಎರಡು ಲೋಟವಿರುವ ಕೋಣೆಗೆ ಇಡೀ ಕುಟುಂಬ ಊಟಕ್ಕೆ ಬರುತ್ತದೆಯಂತೆ. ತನ್ನ ತಾಯಿಯ ಹಬ್ಬವನ್ನು ಪರಿಚಯವೇ ಇಲ್ಲದವರ ಮನೆಯಲ್ಲಿ ಇಟ್ಟುಕೊಳ್ಳುವುದು ಯಾವ ಸೀಮೆ ಪದ್ಧತಿ ಎಂದು ಏಬೆರ್ ಕೇಳಿದ. ಈ ಸೀಮೆಯದ್ದೇ ಇರಬಹುದು ಎಂದೆ. ನಮ್ಮ ಬಾಗಿಲು ನೀಲಿ ಅಂತ ಅವನಿಗೆ ಹೇಗೆ ಗೊತ್ತು ಎಂದ. ಬಳಿದವನೇ ಅವನಲ್ಲವೇ ಎಂದೆ.

“ನೀನು ಸರಿಯಾಗಿ ಕೇಳಿಸ್ಕೊಂಡ್ಯಾ?”

“ಷಷ್ಠೀ ವಿಭಕ್ತಿ ಕಣೋ ಅದು. ನಿಮ್ಮ ಮನೆ ಅಂದ್ರೆ ನಿಮ್ಮ ಮನೆ. ಇದಕ್ಕಿಂತ ಸರಳವಾದ ವಾಕ್ಯ ಈ ಭಾಷೇಲೇ ಇಲ್ಲ.”

ಬರುವ ಅತಿಥಿಗಳನ್ನು ಹಸಿದು ಕಳಿಸಿದರೆ ಉರುಗ್ವೆ ದೇಶದ ಮಾನ ಏನಾಗಬೇಕು? ಏಬೆರ್ ಎದೆ ಸೆಟೆಸಿ, ಕೆಂಡದ ಮೇಲೆ ದನದ ಪಕ್ಕೆ ಸುಡುವುದೊಂದೇ ದಾರಿ ಎಂದು ಘೋಷಿಸಿದ. ಅಲ್ಲಿಂದ ಶುರುವಾಯಿತು ನೋಡಿ. ಕಟುಕ ಮಾಂಸವನ್ನು ಹಪ್ಪಳದ ಹಾಗೆ ತೆಳ್ಳಗೆ ಕೊಯ್ದಿಟ್ಟ. ದಪ್ಪಗೆ ಬೇಕೆಂದು ಏಬೆರ್ ಹಟ ಹಿಡಿದ. ತೆಳ್ಳಗಿಲ್ಲದ್ದು ಮಾಂಸವೇ ಅಲ್ಲ ಎಂದು ಕಟುಕ ಹಟ ಹಿಡಿದ. ಕೊನೆಗೆ ಇವನೇ ಕತ್ತಿ ಕಿತ್ತುಕೊಂಡು ಕೊಯ್ದ. ಸುಡಲು ಕಬ್ಬಿಣದ ಜಾಲರಿ ಸಿಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಾಡುವಂತೆ ಹಳೆಯ ಸ್ಪ್ರಿಂಗ್ ಮಂಚದ ಚೌಕಟ್ಟೇ ಆಗಬಹುದೆಂದು ಮೇಚೆಯ ಅಟ್ಟದಿಂದ ಅವಳ ಮದುವೆಯ ಮಂಚ ಇಳಿಸಿದ. ಅದನ್ನು ಕೆಂಡದ ಮೇಲೆ ಇಟ್ಟಾಗ ಮೇಚೆ ಸೆರಗಿನಂತೆ ಶಾಲು ಬಾಯಿಗೊತ್ತಿಕೊಂಡು, ತನ್ನ ಗಂಡ ಬದುಕಿದ್ದಾಗಲೂ ಈ ಮಂಚ ಇಷ್ಟು ಬಿಸಿಯಾಗಿರಲಿಲ್ಲ ಎಂದಳು. ಕುರ್ಚಿಗಳು ಅಕ್ಕಪಕ್ಕದವರಿಂದ ಬಂದವು. ತಟ್ಟೆಗಳು ಇಗರ್ಜಿಯಿಂದ ಬಂದವು. ಊರಿನ ನಾಯಿಗಳು ಯಾರೂ ಕರೆಯದೆ ತಾವೇ ಬಂದವು.

ಅತಿಥಿಗಳು ಮಾತ್ರ ಬರಲಿಲ್ಲ.

ಮಧ್ಯಾಹ್ನವಾಯಿತು, ಮಧ್ಯಾಹ್ನ ಹೊರಳಿತು. ಮಾಂಸ ಬೆಂದಿತು, ಇನ್ನಷ್ಟು ಬೆಂದಿತು. ಆ ಸೆಕೆಯಲ್ಲಿ ಕೆಂಡದ ಮುಂದೆ ನಿಂತಿದ್ದ ನನ್ನ ಗಂಡ ಬೆಂದದ್ದೂ ಬಹುತೇಕ ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು. ತಾನಾಗಿಯೇ ಊಟಕ್ಕೆ ಹೇಳಿಕೊಂಡವನು ಬಾರದಿದ್ದರೆ ಏನೆನ್ನಬೇಕು ಎಂದು ಮೇಚೆಯ ಮುಂದೆ ಕೂಗಾಡಿದೆ. ಅವನು ಏನೆಂದ, ಹೇಗೆಂದ ಅಂತ ಅವಳು ಕೇಳಿದಳು. ಒಂದಕ್ಷರ ಬಿಡದೆ ಒಪ್ಪಿಸಿದೆ. ಮೇಚೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

“ಟೀಚರಮ್ಮ, ನಿಮ್ಮ ಮನೆ ಅಂದ್ರೆ ಅವರ ಮನೆ.”

“ಹಾಗಾದ್ರೆ ಅವರ ಮನೆ ಅಂದ್ರೆ?”

“ಅದೂ ಅವರ ಮನೇನೇ.”

“ಮತ್ತೆ ನಮ್ಮ ಮನೆಗೆ ಏನಂತಾರೆ?”

“ಮೇಚೆ ಮನೆ ಅಂತಾರೆ. ಬಾಡಿಗೆ ಇಸ್ಕೊಳ್ಳೋಳು ನಾನಲ್ವಾ?”

ಈ ನಾಡಿನಲ್ಲಿ ಮರ್ಯಾದಸ್ಥರು ತಮ್ಮ ಮನೆಯನ್ನು ನನ್ನದು ಎನ್ನುವುದಿಲ್ಲವಂತೆ, ಕೇಳುವವರದ್ದು ಎನ್ನುತ್ತಾರಂತೆ. ನೀಲಿ ಬಾಗಿಲೋ, ಇಗರ್ಜಿ ಹಿಂದಿನ ಬೀದಿಯ ಅರ್ಧ ಬಾಗಿಲುಗಳು ನೀಲಿಯೇ. ಮುದುಕನಿಗೆ ಯಾವುದೋ ಕಾಲದಲ್ಲಿ ಅದೇ ಬಣ್ಣ ಮಿಕ್ಕಿತ್ತಂತೆ. ಏಬೆರ್ ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು, ಪಂದ್ಯ ಕಟ್ಟಿದ ದಿನ ಬಿಚ್ಚಿ ಜೇಬಿಗೆ ಹಾಕಿದ್ದ ಕೈಗಡಿಯಾರವನ್ನು ತೆಗೆದು ಬಹಳ ದಿನಗಳ ನಂತರ ಕಟ್ಟಿಕೊಂಡ. ಪಂದ್ಯ ಮುಗಿದಿತ್ತು.

ಪಂದ್ಯ ಹಾಳಾಗಲಿ, ನನಗೆ ನಿಜವಾಗಿ ಅಳು ಬಂತು. ತಪ್ಪು ತೋರಿಸಿದವಳನ್ನೂ ಟೋಪಿ ತೆಗೆದು ಊಟಕ್ಕೆ ಕರೆದ ಮನುಷ್ಯ, ತಾಯಿಯ ಹಬ್ಬದ ದಿನ ಆರಿದ ಅಡುಗೆ ಮುಂದಿಟ್ಟುಕೊಂಡು ಬಾಗಿಲು ನೋಡುತ್ತ ಕೂತಿರುತ್ತಾನೆ. ಇಂಥ ಅವಮಾನ ನಾನು ಯಾರಿಗೂ ಮಾಡಿದ್ದಿಲ್ಲ. ಸುಟ್ಟ ಮಾಂಸವನ್ನೆಲ್ಲ ಮೇಚೆಯ ಬಟ್ಟೆ ತೊಳೆಯುವ ತೊಟ್ಟಿಯಲ್ಲಿ ತುಂಬಿ, ಆ ಕಡೆ ಹಿಡಿಯನ್ನು ಏಬೆರ್, ಈ ಕಡೆ ಹಿಡಿಯನ್ನು ನಾನು ಹಿಡಿದು, ಮೇಚೆ ಗುರುತು ಹೇಳಿದ, ಅದೇ ಬೀದಿಯ ಆ ತುದಿಯ ಮನೆಗೆ ಬೇಗ ಮುಟ್ಟಲೆಂದು ನದಿ ದಾರಿಯಲ್ಲಿ ಓಡಿದೆವು. ಹಿಂದೆ ನಾಯಿಗಳ ಮೆರವಣಿಗೆ.

ಆ ಮನೆಯ ನೀಲಿ ಬಾಗಿಲು ಹಾರು ಹೊಡೆದಿತ್ತು. ಒಳಗೆ ಉದ್ದನೆಯ ಮೇಜಿನ ಮೇಲೆ ತಟ್ಟೆಗಳು ಸಾಲಾಗಿದ್ದವು. ಕೂತಿದ್ದವರು ಒಬ್ಬರೇ: ಹೂವಿನ ಕಸೂತಿಯ ಬಿಳಿ ಅಂಗಿ ತೊಟ್ಟ ಹಣ್ಣು ಹಣ್ಣು ಮುದುಕಿ, ಫಿದೆನ್ಸಿಯೋನ ತಾಯಿ ತಿಮೊತೆಯಾ. ಇಷ್ಟು ಹೊತ್ತು ನಮ್ಮನ್ನು ಕಾದು, ಏನಾಯಿತೋ ಎಂದು ಹೆದರಿ, ಮನೆಯವರೆಲ್ಲ ಪಾತ್ರೆಗಳ ಸಮೇತ ಇಗರ್ಜಿ ದಾರಿಯಲ್ಲಿ ನಮ್ಮ ಕೋಣೆಗೆ ಹೊರಟಿದ್ದರಂತೆ. ಅಂದರೆ ಆ ಹೊತ್ತಿಗೆ ಅವರು ಬಾದಾಮಿ ಮರದ ಕೆಳಗೆ ನಿಂತು ನಮ್ಮನ್ನು ಹುಡುಕುತ್ತಿದ್ದರು, ನಾವು ಅವರ ಮನೆಯಲ್ಲಿ ನಿಂತು ಅವರನ್ನು ಹುಡುಕುತ್ತಿದ್ದೆವು.

“ಅಜ್ಜಿ, ನೀವಾದ್ರೂ ಊಟ ಮಾಡಿದ್ರಾ?”

“ನಿಮ್ಮ ಮನೇಲಿ ನೀವಿಲ್ದೆ ನಾನು ಹೇಗಮ್ಮ ಉಣ್ಣೋದು?”

ಅವರು ಮರಳುವವರೆಗೆ ಸುಮ್ಮನಿರಬಹುದಿತ್ತಲ್ಲ? ಸೋತ ಮೇಷ್ಟ್ರು ಸುಮ್ಮನಿದ್ದದ್ದುಂಟೇ! ಗಂಡನ ಮುಂದೆ ಪಾಠ ಶುರುಮಾಡಿದೆ. ಇದು ಕೇವಲ ಔಪಚಾರಿಕ ಪ್ರಯೋಗ, ಏಬೆರ್. ಪದದ ಅರ್ಥವನ್ನೇ ಹಿಡಿಯಬಾರದು, ಭಾವವನ್ನು ಹಿಡಿಯಬೇಕು. ಮನೆ ನಿಮ್ಮದು ಎಂದ ಮಾತ್ರಕ್ಕೆ ಯಾರೂ ಬಂದು ಮಲಗುವುದಿಲ್ಲ. ಅಜ್ಜಿ ಒಂದು ಕಿವಿ ಇತ್ತ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವಾಯಿತು. ಪಾತ್ರೆ ಹೊತ್ತ ಹೆಂಗಸರು ಮುಂದೆ, ಟೋಪಿ ಕೈಯಲ್ಲಿ ಹಿಡಿದ ಫಿದೆನ್ಸಿಯೋ ನಡುವೆ, ಹಿಂದೆ ಅವನ ಇಬ್ಬರು ಅಳಿಯಂದಿರು. ಅಳಿಯಂದಿರ ಬೆನ್ನ ಮೇಲೆ ನಮ್ಮ ಚೀಲಗಳು! ಮುದುಕ ಮೇಚೆಯ ಮನೆಯ ನಮ್ಮ ಕೋಣೆಯನ್ನು ನೋಡಿದನಂತೆ, ಅಲ್ಲಿ ಸೆಕೆ ಹೆಚ್ಚಂತೆ, ಹೊಗೆ ಬೇರೆ. ಯಾರೋ ಬೇರೆ ಪ್ರವಾಸಿಗಳು ಬಾಗಿಲಲ್ಲಿ ಕಾಯುತ್ತಿದ್ದರು, ಅವರಿಗೆ ಬಿಟ್ಟುಕೊಡಿಸಿದನಂತೆ.

“ನಿಮ್ಮ ಮನೆ ಇರೋವಾಗ ಬಾಡಿಗೆ ಕೋಣೇಲಿ ಯಾಕಿರ್ಬೇಕು ಟೀಚರಮ್ಮ? ನದಿ ಕಡೆ ರೂಮಲ್ಲಿ ಹಾಸಿಗೆ ಹಾಕಿದೆ.”

“ಅಯ್ಯೋ, ಬೇಡಿ. ಅದು ಮರ್ಯಾದೆಗೆ ಅನ್ನೋ ಮಾತು ಅಂತ ಈಗ ನಮಗೆ ಗೊತ್ತಾಗಿದೆ,” ಎಂದೆ.

ಅಜ್ಜಿ ತಲೆಯೆತ್ತಿದಳು. “ಮರ್ಯಾದೆಗೆ ಅಂದ್ರೆ? ಸುಳ್ಳು ಅಂತಲಾ ಮಗಳೇ?”

ವಿಭಕ್ತಿಗಳನ್ನೆಲ್ಲ ಮಡಚಿಟ್ಟೆ. ಸುಮ್ಮನೆ ಮೇಜಿಗೆ ಕೂತೆ. ಬಾಳೆಲೆಯಲ್ಲಿ ಬೆಂದ ಮೆಕ್ಕೆಜೋಳದ ಹಿಟ್ಟಿನ ತಮಾಲೆ, ಕಪ್ಪನೆಯ ಗಟ್ಟಿ ಮೋಲೆ ಸಾರಿನಲ್ಲಿ ಮುಳುಗಿದ ಕೋಳಿ, ಅನ್ನ, ಅವುಗಳ ನಡುವೆ ಬಟ್ಟೆ ತೊಟ್ಟಿಯಲ್ಲಿ ನಮ್ಮ ಪಕ್ಕೆ ಮೂಳೆಗಳು. ದಪ್ಪ ಮಾಂಸ ನೋಡಿ ಎಲ್ಲರೂ ಮೊದಲು ಹೆದರಿದರು, ಆಮೇಲೆ ಬೆರಳು ಚೀಪಿದರು. ಏಬೆರನೂ ಫಿದೆನ್ಸಿಯೋನೂ ಒಬ್ಬರ ಭುಜಕ್ಕೊಬ್ಬರು ಕೈಹಾಕಿ ಕೂತರು. ಅಂಥ ಊಟ ನಾನು ಉಂಡಿಲ್ಲ. ಹೊಟ್ಟೆಗೂ ಮನಸ್ಸಿಗೂ ಹಿತವಾಗಿ, ಜಗಲಿಯ ತೂಗುಬಲೆಯಲ್ಲಿ ಕಾಲು ಚಾಚಿ ಕಣ್ಣುಮುಚ್ಚಿದೆ.

ಮಡಿಲ ಮೇಲೆ ಏನೋ ಬಿತ್ತು. ನೋಡಿದರೆ ಅಡುಗೆಮನೆಯ ಏಪ್ರನ್. ಪಕ್ಕದಲ್ಲಿ ಅಜ್ಜಿ.

“ಪಾತ್ರೆ ಎಲ್ಲ ಹಿತ್ತಲಲ್ಲಿ ನೆನೆಹಾಕಿದೆ. ಮೋಲೆ ತಳ ಹಿಡಿದಿದೆ, ಬೂದಿ ಹಾಕಿ ಉಜ್ಜಬೇಕು.”

ತಮಾಷೆಯೇನೋ ಎಂದು ಅವಳ ಮುಖ ನೋಡಿದೆ. ಒಂದು ಸುಕ್ಕೂ ಅಲುಗಲಿಲ್ಲ.

“ನಿಮ್ಮ ಮನೆ ಅಲ್ವಾ?” ಎಂದಳು.

ಹಿತ್ತಲಿಗೆ ಹೋಗಿ ಇಣುಕಿದೆ. ಒಂದು ಊರಿಗಾಗುವಷ್ಟು ಪಾತ್ರೆಗಳು! ತಿರುಗಿ ಬಂದವಳೇ, ಜೀವನದಲ್ಲಿ ಮೊದಲ ಬಾರಿಗೆ ಗಂಡನ ಕೈಹಿಡಿದು ಬೇಡಿಕೊಂಡೆ.

“ಏಬೆರ್, ನಾನು ಸೋತೆ, ಒಪ್ಕೋತೀನಿ. ಇನ್ನು ಎಲ್ಲಾ ನಿನ್ನ ವೇಳಾಪಟ್ಟಿ ಥರಾನೇ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಒಂದು ಪ್ಲ್ಯಾನ್ ಮಾಡೋ.”

ಏಬೆರ್ ನಾನು ಬಿಟ್ಟೆದ್ದ ತೂಗುಬಲೆಯಲ್ಲಿ ಒರಗಿಕೊಂಡ. ಕೈಗಡಿಯಾರ ನೋಡಿದ.

“ಪ್ಲ್ಯಾನ್ ಆಗ್ಲೇ ಸಿದ್ಧ ಕಣೇ. ಈ ತಿಂಗಳು ಪೂರ್ತಿ ನಮ್ಮನೇಲೇ ಇರೋದು. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕು: ಪಾತ್ರೆ, ನಿಬಿಯಾ.”