ಮಂಗ ಕಾಯುವ ಪಾಳಿಯೂ ನನ್ನ ಚಿಲಕದ ಬಂದೂಕೂ

ನನ್ನನ್ನು ಮಂಗ ಕಾಯುವ ಪಾಳಿಯಿಂದ ತೆಗೆದುಹಾಕಲಾಗಿದೆ. ಇದು ಅನ್ಯಾಯ. ಈ ಅನ್ಯಾಯ ನಡೆದದ್ದು ಬನವಾಸಿಯ ಹೊರಗೆ, ನಮ್ಮ ಅನಾನಸು ಹೊಲಗಳ ಬದುವಿನ ಮೇಲೆ, ನನ್ನನ್ನು ಕರೆಯದೆ ಸೇರಿದ ಸಭೆಯಲ್ಲಿ. ತೀರ್ಮಾನವನ್ನು ನನಗೆ ಖುದ್ದಾಗಿ ತಿಳಿಸುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಹಾಲು ತರಲು ಹೋಗಿದ್ದ ನನ್ನ ಹೆಂಡತಿ ನೀಲಮ್ಮನ ಕೈಯಲ್ಲಿ, ಹಾಲಿನ ಪಾತ್ರೆಯ ಜೊತೆಗೆ, ಸುದ್ದಿಯನ್ನೂ ಕೊಟ್ಟು ಕಳಿಸಿದರು.

ಪಾಳಿಯ ಮಹತ್ವ ತಿಳಿಯದವರಿಗೆ ಇದು ಸಣ್ಣ ವಿಷಯವೆನಿಸಬಹುದು. ಹಣ್ಣು ಬಲಿಯುವ ಕಾಲದಲ್ಲಿ ನಾವು ಅಕ್ಕಪಕ್ಕದ ಹೊಲದವರು ದಿನಕ್ಕೊಬ್ಬರಂತೆ ಎಲ್ಲರ ಹೊಲವನ್ನೂ ಕಾಯುತ್ತೇವೆ. ಮಂಗಗಳು ಸರ್ವೆ ನಂಬರು ನೋಡಿ ತಿನ್ನುವುದಿಲ್ಲವಾದ್ದರಿಂದ ಕಾವಲೂ ಸರ್ವೆ ನಂಬರು ನೋಡುವುದಿಲ್ಲ. ಪಾಳಿಯಲ್ಲಿ ಹೆಸರಿರುವವನು ಇನ್ನೂ ಕೆಲಸಕ್ಕೆ ಬರುವ ಮನುಷ್ಯ. ಹೆಸರು ಹೋದವನು ಕಟ್ಟೆಯ ಮೇಲೆ ಕುಳಿತು ಬಸ್ಸು ತಡವಾಯಿತೆಂದು ಗೊಣಗುವವನು. ಸಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಗಡಿಕಲ್ಲುಗಳನ್ನೆಲ್ಲ ಮುಟ್ಟಿ ನಿವೃತ್ತನಾದ ಸರ್ವೇಯರ್ ನಾನು; ನನಗೆ ಉಳಿದಿದ್ದ ಹುದ್ದೆ ಇದೊಂದೇ.

ಪಾಳಿಯ ಏಕೈಕ ಆಯುಧ ಪಕ್ಕದ ಹೊಲದ ಬಸಪ್ಪನ ಕೋವಿಯಾಗಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನ ಹಳೆಯ ಕೋವಿ. ಮಂಗನಿಗೆ ಗುಂಡು ಹೊಡೆಯುವುದು ಕಾನೂನಿಗೂ ಸಲ್ಲದು, ಹನುಮಪ್ಪನಿಗೂ ಸಲ್ಲದು. ಆದ್ದರಿಂದ ಅದನ್ನು ಆಕಾಶಕ್ಕೇ ಹೊಡೆಯುತ್ತಿದ್ದರು. ಊರು ನಡುಗುವ ಸದ್ದು, ಕಣ್ಣು ಕಾಣದಷ್ಟು ಹೊಗೆ; ಹೊಗೆ ತಿಳಿಯಾಗುವಷ್ಟರಲ್ಲಿ ಮಂಗಗಳು ಅರಣ್ಯ ಇಲಾಖೆಯ ಸಾಗುವಾನಿ ತೋಪಿನಲ್ಲಿರುತ್ತಿದ್ದವು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಎಲ್ಲ ಕೋವಿಗಳೂ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಬಸಪ್ಪನದೂ ಹೋಯಿತು. ಬಂದೂಕು ಹೋದದ್ದು ನಮಗಿಂತ ಮೊದಲು ಮಂಗಗಳಿಗೆ ತಿಳಿಯಿತೆಂದು ನನ್ನ ಬಲವಾದ ಗುಮಾನಿ.

ಬದಲಿ ವ್ಯವಸ್ಥೆಯನ್ನು ನಾನು ಮಾಡುವೆನೆಂದು ಹೇಳಿದೆ. ಯಾರೂ ಕೇಳಿರಲಿಲ್ಲ. ಹೇಳಿದವನು ನಾನೇ.

ಮೊಬೈಲಿನಲ್ಲಿ ಹುಡುಕಿದಾಗ ನನ್ನ ಮುಂದೆ ಒಂದು ಹೊಸ ಲೋಕವೇ ತೆರೆಯಿತು. ಯಾವುದೋ ದೇಶದ ಬಯಲಿನಲ್ಲಿ ನನ್ನ ವಯಸ್ಸಿನ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ಮಲಗಿದ್ದ. ಅವನ ಮುಂದೆ ಎರಡು ಕಾಲಿನ ಮೇಲೆ ನಿಂತ ನೀಳವಾದ ರೈಫಲ್, ಅದರ ಬೆನ್ನಿಗೊಂದು ದುರ್ಬೀನು. ಬೆಳೆ ತಿನ್ನುವ ಅಳಿಲಿನಂಥ ಪ್ರಾಣಿಯೊಂದನ್ನು ಅವನು ಎಷ್ಟು ದೂರದಿಂದ ಹೊಡೆದನೆಂದರೆ, ನಮ್ಮಲ್ಲಾದರೆ ಆ ದೂರಕ್ಕೆ ಬಸ್ ಟಿಕೆಟ್ ತೆಗೆಯಬೇಕು! ಪ್ರಾಣಿ ಹೋದದ್ದರಲ್ಲಿ ನನಗೆ ಸಂತೋಷವಿರಲಿಲ್ಲ. ಆದರೆ ಆ ಶಿಸ್ತು! ಅವನು ಗಾಳಿಯನ್ನು ಲೆಕ್ಕ ಹಾಕಿದ, ಉಸಿರನ್ನು ಹಿಡಿದ, ಚಿಲಕ ಎಳೆದ ಹಾಗೆ ರೈಫಲ್ಲಿನ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದ. ಜೀವಮಾನವೆಲ್ಲ ಸರ್ವೆಯ ಥಿಯೋಡೊಲೈಟಿನ ಗಾಜಿನಲ್ಲಿ ಅಡ್ಡಗೆರೆ ಉದ್ದಗೆರೆ ನೋಡಿದ ನನಗೆ ಇದು ನಮ್ಮ ಜಾತಿಯ ಯಂತ್ರವೆಂದು ಕೂಡಲೇ ಗೊತ್ತಾಯಿತು.

ಯೋಜನೆ ಸಿದ್ಧವಾಯಿತು. ಹೊಲದ ಮೂಲೆಮೂಲೆಗೂ ಕಂಬ ನೆಟ್ಟು ತಗಡಿನ ಡಬ್ಬಿ ಕಟ್ಟುವುದು, ಮಂಗ ಯಾವ ಮೂಲೆಗೆ ಬಂತೋ ಆ ಮೂಲೆಯ ಡಬ್ಬಿಗೆ ದೂರದಿಂದ ಗುರಿಯಿಟ್ಟು ಹೊಡೆಯುವುದು, ಡಬ್ಬಿ ಮೊಳಗುವುದು, ಮಂಗ ಓಡುವುದು. ಹಿಂಸೆಯಿಲ್ಲ, ಹೊಗೆಯಿಲ್ಲ. ನೀಲಮ್ಮನಿಗೆ ನಕ್ಷೆ ಬಿಡಿಸಿ ತೋರಿಸಿದೆ.

“ಡಬ್ಬಿ ಬಡಿಯಾಕ ಕೋಲು ಸಾಕಲ್ರಿ,” ಎಂದಳು. “ಅದಕ್ಯಾಕ ಬಂದೂಕು?”

ಕೋಲು ಹಿಡಿದರೆ ಆ ಮೂಲೆಯತನಕ ನಡೆಯಬೇಕಾಗುತ್ತದೆಂದು ವಿವರಿಸಿದೆ.

“ಅಂದ್ರ ನಿಮಗ ನಡಿಯಾಕ ಆಗಂಗಿಲ್ಲ ಅನ್ರಿ.”

ಈ ವಾಕ್ಯವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಪಾಳಿಯ ಇನ್ನೊಬ್ಬ ಸದಸ್ಯ ಖಾದರ್ ಸಾಬರಿಗೆ ಸ್ವಂತ ಲಾರಿಯಿದೆ. ನಮ್ಮೆಲ್ಲರ ಹಣ್ಣು ಸಾಗಿಸುವವರು ಅವರೇ. ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೊರಟಿದ್ದ ಲಾರಿಯಲ್ಲಿ ನನ್ನನ್ನೂ ಕೂರಿಸಿಕೊಂಡರು. ಹುಬ್ಬಳ್ಳಿಯ ಬಂದೂಕಿನ ಅಂಗಡಿಯಲ್ಲಿ ನಾನು ಬೋಲ್ಟ್ ಆಕ್ಷನ್ ರೈಫಲ್ ಬೇಕೆಂದಾಗ ಮಾಲೀಕ ಎದ್ದು ನಿಂತ. ಲೈಸೆನ್ಸ್ ಎಂದ. ಇಲ್ಲವೆಂದೆ. ಮತ್ತೆ ಕುಳಿತ. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೇನೋ, ಒಳಗಿನಿಂದ ಉದ್ದನೆಯ ಪೆಟ್ಟಿಗೆ ತಂದು ತೆರೆದ. ಅದು ಏರ್ ರೈಫಲ್, ಮದ್ದಿನ ಬದಲು ಒತ್ತಿ ತುಂಬಿದ ಗಾಳಿಯಿಂದ ಸೀಸದ ಕಾಳನ್ನು ಹಾರಿಸುತ್ತದೆ, ಲೈಸೆನ್ಸ್ ಬೇಡ. ಆದರೆ ಬೋಲ್ಟ್ ಇತ್ತು. ಎರಡು ಕಾಲುಗಳಿದ್ದವು. ದುರ್ಬೀನೂ ಇತ್ತು.

ಬೋಲ್ಟನ್ನು ಎಳೆದು ನೂಕಿದೆ. ಎಣ್ಣೆ ಹಾಕಿದ ದೇವರಮನೆಯ ಬಾಗಿಲಿನ ಚಿಲಕ ಕೂಡ ಅಷ್ಟು ಮೆತ್ತಗೆ ಕೂರುವುದಿಲ್ಲ. ದುರ್ಬೀನಿಗೆ ಕಣ್ಣಿಟ್ಟು ರಸ್ತೆಯಾಚೆ ನೋಡಿದೆ. ಸಕ್ಕರೆ ಕಾಯಿಲೆಯಿಂದಾಗಿ ಸಿಹಿಯ ವಾಸನೆಯನ್ನೂ ಬಿಟ್ಟಿದ್ದೇನೆಂದು ದಾರಿಯುದ್ದಕ್ಕೂ ಹೇಳಿದ್ದ ಖಾದರ್ ಸಾಬರು ಮಿಠಾಯಿ ಅಂಗಡಿಯ ಕಂಬದ ಮರೆಯಲ್ಲಿ ಪೇಡೆ ತಿನ್ನುತ್ತಿದ್ದರು. ಗಡ್ಡದ ಮೇಲೆ ಬಿದ್ದ ಸಕ್ಕರೆಯ ಹರಳು ನನಗೆ ಹೊಳೆಯುತ್ತಾ ಕಂಡಿತು. ನಾನು ಬೆರಗಾದೆ. ಇಂಥ ಯಂತ್ರದ ಮುಂದೆ ಸುಳ್ಳು ನಿಲ್ಲದು!

“ಶಬ್ದ ಹೆಂಗ?” ಎಂದು ಕೇಳಿದೆ.

“ಶಬ್ದನ ಇಲ್ರಿ ಸರ. ಈ ನಳಿಗಿ ಹಾಕ್ಸಿದ್ರ ಬಾಜೂ ಕುಂತವರಿಗೂ ಕೇಳಂಗಿಲ್ಲ.”

ರೈಫಲ್ಲಿನ ಬಾಯಿಗೆ ಸಿಕ್ಕಿಸಿ ಸದ್ದಡಗಿಸುವ ಆ ನಳಿಗೆಯನ್ನೂ ಹಾಕಿಸಿದೆ. ಗುಂಡು ಎಲ್ಲಿಂದ ಬಂತೆಂದು ಮಂಗಗಳಿಗೆ ಗೊತ್ತಾಗಬಾರದೆಂಬುದು ನನ್ನ ದೂರಾಲೋಚನೆ. ಸದ್ದು ಮಾಡುವುದೊಂದೇ ಕೆಲಸವಿರುವಲ್ಲಿಗೆ ಸದ್ದೇ ಇಲ್ಲದ ಬಂದೂಕನ್ನು ಆರಿಸಿ, ಆ ಮೌನಕ್ಕೆ ಬೇರೆ ದುಡ್ಡು ಕೊಟ್ಟು ಬಂದವನು ಈ ಮೂರು ತಾಲ್ಲೂಕುಗಳಲ್ಲಿ ನಾನೊಬ್ಬನೇ ಇರಬೇಕು.

ಹಿಂದಿರುಗುವಾಗ ಕಿರವತ್ತಿಯ ಧಾಬಾದಲ್ಲಿ ಪೆಟ್ಟಿಗೆ ತೆರೆದೆ. ಲಾರಿಯವರೆಲ್ಲ ರೊಟ್ಟಿ ಬಿಟ್ಟು ಎದ್ದು ಬಂದರು. ಒಬ್ಬೊಬ್ಬರೂ ದುರ್ಬೀನಿನಲ್ಲಿ ದೂರದ ಮರ ನೋಡಿ ತಲೆದೂಗಿದರು. ನನಗೆ ಟೀ ಕೊಡಿಸಿದರು. ನನ್ನ ಕೀರ್ತಿಯ ಶಿಖರ ಅದೇ ಆಗಿತ್ತೆಂದು ಆಗ ತಿಳಿದಿದ್ದರೆ ಇನ್ನೊಂದು ಟೀ ಕುಡಿದು ಅಲ್ಲೇ ಉಳಿಯುತ್ತಿದ್ದೆ.

ಏಕೆಂದರೆ ಗಾಳಿ ತುಂಬಬೇಕಿತ್ತು. ಜೊತೆಗೆ ಕೊಟ್ಟಿದ್ದ ಕೈಪಂಪು ನೋಡಲು ಸೈಕಲ್ ಪಂಪಿನಂತಿತ್ತು. ಒತ್ತಲು ಮಾತ್ರ ನೆಲದೊಳಗೆ ಯಾರೋ ಕುಳಿತು ಅದನ್ನು ಮೇಲಕ್ಕೆ ದಬ್ಬುತ್ತಿದ್ದಂತಿತ್ತು. ನನ್ನ ಪಾಳಿಯ ಹಿಂದಿನ ದಿನವೆಲ್ಲ ಒತ್ತಿದೆ. ರೈಫಲ್ ತುಂಬಿತು. ನನ್ನ ಸೊಂಟ ಹಿಡಿಯಿತು. ನೀಲಮ್ಮ ಎಣ್ಣೆ ತಿಕ್ಕುತ್ತಾ, ನಾಳೆ ತಾನು ಹೋಗಿ ಬರುತ್ತೇನೆ, ನೀವು ಮಲಗಿರಿ ಎಂದಳು. ಮಲಗಿಯೇ ಹೊಡೆಯುವ ಬಂದೂಕು ಇದೆಂದು ನಾನು ಉತ್ತರಿಸಿದೆ.

ಮರುದಿನ ಬಸಪ್ಪನ ಹೊಲದ ಹಣ್ಣು ಪೂರ್ತಿ ಹದಕ್ಕೆ ಬಂದಿತ್ತು. ಸಂಜೆಗೆ ಕಡಿದು ಲಾರಿಗೆ ಹಾಕುವುದೆಂದು ನಿಶ್ಚಯವಾಗಿತ್ತು. ಮೂಲೆಗಳಲ್ಲಿ ಕಂಬ ನೆಟ್ಟು ಡಬ್ಬಿ ಕಟ್ಟಿಸಿಯಾಗಿತ್ತು. ಬದುವಿನ ಮೇಲೆ ಚಾಪೆ ಹಾಸಿ, ವಿಡಿಯೋದಲ್ಲಿ ಕಂಡಂತೆಯೇ ಹೊಟ್ಟೆಯ ಮೇಲೆ ಮಲಗಿದೆ. ಮಲಗಿದೆನೆಂಬುದಕ್ಕಿಂತ ಬಿದ್ದೆನೆಂಬುದು ಹೆಚ್ಚು ನಿಖರ. ನೋಡಲು ಬಸಪ್ಪ, ಖಾದರ್ ಸಾಬರು, ಇನ್ನೂ ಕೆಲವರು ದೂರದ ಮಾವಿನಮರದ ಕೆಳಗೆ ಸೇರಿದರು. ಮಂಗಗಳು ಬಂದವು.

ದುರ್ಬೀನಿಗೆ ಕಣ್ಣಿಟ್ಟೆ. ಮುಂದೆ ಆದದ್ದನ್ನು ಹೇಗೆ ಹೇಳಲಿ? ಗಾಜಿನ ತುಂಬ ಒಂದು ಮುಖ. ಮುಪ್ಪಿನ, ಗಂಭೀರವಾದ, ಹಣೆಯಲ್ಲಿ ಗೆರೆಗಳಿದ್ದ ಗಂಡು ಮಂಗನ ಮುಖ. ಅದಕ್ಕೆ ರೆಪ್ಪೆಗೂದಲಿತ್ತು! ಇಷ್ಟು ವರ್ಷ ಕಲ್ಲು ಬೀಸಿದ್ದೇನೆ, ಬೈದಿದ್ದೇನೆ. ಮಂಗನಿಗೆ ರೆಪ್ಪೆಗೂದಲಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಅದು ಒಂದು ಹಣ್ಣಿನ ಮುಂದೆ ಕುಳಿತು ಮೂಸಿತು, ಬೆರಳಿನಿಂದ ಬುಡ ಒತ್ತಿ ನೋಡಿತು, ಬೇಡವೆಂದು ಬಿಟ್ಟಿತು. ಪಕ್ಕದ್ದನ್ನು ಮೂಸಿತು. ಮುಳ್ಳಿನ ಎಲೆ ತಾಗದಂತೆ ಕೈಯನ್ನು ಓರೆಯಾಗಿ ಇಳಿಸಿ, ಹಣ್ಣನ್ನು ತಿರುವಿ, ಮುರಿದು, ತಾನು ತಿನ್ನದೆ ಹಿಂದಿದ್ದ ತಾಯಿಮಂಗದ ಮುಂದೆ ಇಟ್ಟಿತು. ಅದರ ಹೊಟ್ಟೆಗಂಟಿದ ಮರಿ ರಸ ನೆಕ್ಕಿ, ಹುಳಿಗೆ ಕಣ್ಣು ಮುಚ್ಚಿತು. ನನಗರಿಯದೆ ನಾನೂ ಕಣ್ಣು ಮುಚ್ಚಿದೆ.

ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಮಾವಿನಮರದ ಕಡೆಯಿಂದ ಬಸಪ್ಪನ ಕೂಗು ಕೇಳಿಸಿತು: “ಸಾಹೇಬ್ರ, ಹೊಡೀರಿ! ಸಾಲು ಮುಗೀತ್ರಿ!”

ಆಗ ನಾನು ಮಾಡಿದ ಕೆಲಸವನ್ನು ಊರು ಈಗಲೂ ಅಭಿನಯಿಸಿ ತೋರಿಸುತ್ತದೆ. ದುರ್ಬೀನಿನಿಂದ ಕಣ್ಣು ತೆಗೆಯದೆ, ಸದ್ದು ಮಾಡಬೇಡಿ ಎಂಬಂತೆ ಒಂದು ಕೈ ಎತ್ತಿ ಅವರನ್ನು ಸುಮ್ಮನಿರಿಸಿದೆ. ಮಂಗ ಕಾಯುವವನು ಮಂಗಗಳ ಊಟಕ್ಕೆ ತೊಂದರೆಯಾಗದಂತೆ ಕಾದ!

ಕೊನೆಗೆ ಕರ್ತವ್ಯ ನೆನಪಾಗಿ ಡಬ್ಬಿಗೆ ಗುರಿಯಿಟ್ಟು ರೈಫಲ್ಲಿನ ಕುದುರೆ ಒತ್ತಿದೆ. ಗುರಿ ತಪ್ಪಲಿಲ್ಲ, ಇದು ದಾಖಲಾಗಬೇಕು. ಡಬ್ಬಿಯ ನಟ್ಟನಡುವೆ ತಗುಲಿತು. ಲೋಟಕ್ಕೆ ಚಮಚ ತಾಗಿದಂತೆ ‘ಟಿಣ್’ ಎಂದಿತು. ಮಂಗಗಳು ತಲೆಯೆತ್ತಿ ನೋಡಿ, ಬೇರೆಯವರಿಗೆ ಬಂದ ಫೋನಿರಬೇಕೆಂಬಂತೆ ಊಟ ಮುಂದುವರಿಸಿದವು. ಓಡಿಸಲು ಏಳಬೇಕೆಂದುಕೊಂಡೆ. ಸೊಂಟ ಒಪ್ಪಲಿಲ್ಲ. ಮೊಣಕೈ ಊರಿದರೆ ಅನಾನಸಿನ ಮುಳ್ಳು. ನಾನು ಬದುವಿನ ಮೇಲೆ ಆಮೆಯಂತೆ ಕೈಕಾಲು ಆಡಿಸುತ್ತಿರುವಾಗ ನೀಲಮ್ಮ ತಾಟು ಸೌಟು ಬಡಿಯುತ್ತಾ ಬಂದಳು. ಮಂಗಗಳು ಹೋದವು. ಆಮೇಲೆ ನನ್ನನ್ನು ಎತ್ತಿದರು.

ಬಸಪ್ಪ ನನ್ನ ಮೈಮೇಲಿನ ಮಣ್ಣನ್ನು ಒರೆಸಿದ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಷ್ಟವನ್ನು ನಮ್ಮ ಹೊಲದ ಹಣ್ಣಿನಿಂದ ತುಂಬಿಕೊಟ್ಟೆ. ಅದನ್ನು ಎಣಿಸದೆಯೇ ತೆಗೆದುಕೊಂಡ. ನೀಲಮ್ಮ ತಂದ ತೀರ್ಮಾನದಲ್ಲಿಯೂ ದೂರಿನ ಮಾತಿರಲಿಲ್ಲ. “ಸಾಹೇಬ್ರು ಭಾಳ ದುಡದಾರ, ಇನ್ನ ಆರಾಮ ಇರ್ಲಿ ಅಂದ್ರು,” ಎಂದು ತಲೆತಗ್ಗಿಸಿ ಹೇಳಿದಳು. ನಮ್ಮ ಮನೆಯ ಪಾಳಿ ಅವಳಿಗಾಯಿತು. ಮಂಗ ಎಲ್ಲಿದೆಯೆಂದು ನೋಡಲು ಬೇಕಾಗುತ್ತದೆಂದು ಪಾಳಿಯವರು ದುರ್ಬೀನನ್ನು ಕಳಚಿ ಒಯ್ದರು. ರೈಫಲ್ ನನಗೆ, ಕಣ್ಣು ಪಾಳಿಗೆ.

ಈಗ ನನಗೆ ಬಂದಿರುವ ವರ್ತಮಾನ. ಮೊನ್ನೆ ಖಾದರ್ ಸಾಬರ ಪಾಳಿಯ ದಿನ ಶುಂಠಿ ಮಡಿಗಳ ಪಕ್ಕದ ಅನಾನಸಿನ ಸಾಲು ಖಾಲಿಯಾಯಿತು. ನಿನ್ನೆ ಬಸಪ್ಪನ ಪಾಳಿ. ಊಟದ ಬುತ್ತಿ ಕೊಡಲು ಹೋದ ನೀಲಮ್ಮ ಅವನನ್ನು ಹುಡುಕಿ ಹುಡುಕಿ ಕೊನೆಗೆ ಬದುವಿನ ಮೇಲೆ ಕಂಡಳಂತೆ. ಹೊಟ್ಟೆಯ ಮೇಲೆ ಮಲಗಿ, ಕಣ್ಣಿಗೆ ದುರ್ಬೀನು ಒತ್ತಿಕೊಂಡು. ಕರೆದರೆ ತಿರುಗದೆ ಕೈ ಎತ್ತಿ, “ತಡಿಯವ್ವ, ಮರಿ ಮಲಕ್ಕೊಂತೈತಿ,” ಎಂದನಂತೆ.

ಪಾಳಿಯ ಮಹನೀಯರೇ, ನೋಡುತ್ತಾ ಮೈಮರೆಯುವುದು ಅಪರಾಧವಾದರೆ ನಿಮ್ಮ ಹೆಸರುಗಳು ಇನ್ನೂ ಅಲ್ಲಿರುವುದು ಹೇಗೆ? ಅದು ಅಪರಾಧವಲ್ಲದಿದ್ದರೆ, ನನ್ನನ್ನು ತೆಗೆದದ್ದು ಮಲಗಿದ ಮೇಲೆ ನೀವು ಏಳುವಂತೆ ನಾನಾಗಿಯೇ ಏಳಲಾರೆನೆಂಬ ಒಂದೇ ಕಾರಣಕ್ಕೇ?