ಮುತ್ತಜ್ಜಿಯ ಹೆಪ್ಪು

ಬೆಳಿಗ್ಗೆ ಏಳು ಗಂಟೆಗೆ ಟೌನೊ ರೆಕೋಲ ಬೋಗುಣಿಯೊಳಗೆ ಚಮಚ ಅದ್ದಿ ಮೆಲ್ಲಗೆ ಮೇಲಕ್ಕೆತ್ತಿದ. ಚಮಚದ ಹಿಂದೆ ಮೊಸರಿನ ಎಳೆಯೂ ಎದ್ದಿತು. ಒಂಬತ್ತು ಸೆಂಟಿಮೀಟರ್ ಎದ್ದು ತುಂಡಾಯಿತು. ಸ್ಕೇಲನ್ನು ಸರಿಯಾಗಿ ಹಿಡಿದುಕೊಂಡು ಇನ್ನೊಮ್ಮೆ ಎತ್ತಿದ. ಈ ಸಲ ಎಂಟೂವರೆ.

"ಎಷ್ಟು ಸಲ ಅಳೆದ್ರೂ ಅಷ್ಟೇ ಕಣ್ರೀ," ಎಂದಳು ಹೆಂಡತಿ ಇಂಕೆರಿ, ರೈ ರೊಟ್ಟಿಗೆ ಬೆಣ್ಣೆ ಸವರುತ್ತಾ. "ಅಂಗಡಿ ಹೆಪ್ಪಿನಿಂದ ಇನ್ನೆಷ್ಟು ಉದ್ದ ಬರುತ್ತೆ?"

"ಮೆಲ್ಲಗೆ ಮಾತಾಡೇ. ಕಿಟಕಿ ತೆಗೆದಿದೆ."

"ಬೀದೀಲಿ ಯಾರಿದಾರೆ? ಸೀಗಲ್ ಹಕ್ಕಿಗಳಿಗೂ ನಿಮ್ಮ ಗುಟ್ಟಿನ ಚಿಂತೆಯಾ?"

ನಮ್ಮ ರೌಮಾ ಪಟ್ಟಣದಲ್ಲಿ ವೀಲಿ ತಿನ್ನದ ಮನೆಯಿಲ್ಲ. ವೀಲಿಯೂ ಮೊಸರೇ, ಆದರೆ ಅದರ ಮೇಲೆ ಮಖಮಲ್ಲಿನಂಥ ತೆಳುವಾದ ಬೂಷ್ಟಿನ ಪದರವಿರುತ್ತದೆ, ಕೆಳಗೆ ಚಮಚಕ್ಕೆ ಅಂಟಿಕೊಂಡು ದಾರದಂತೆ ಎಳೆಯೆಳೆಯಾಗಿ ಬರುವ ಮೊಸರಿರುತ್ತದೆ. ಎಳೆ ಉದ್ದವಿದ್ದಷ್ಟೂ ಹೆಪ್ಪು ಗಟ್ಟಿ. ಟೌನೊ ಜೀವಶಾಸ್ತ್ರದ ಮೇಷ್ಟ್ರು. ಇಪ್ಪತ್ತಾರು ವರ್ಷಗಳಿಂದ ಪ್ರತಿ ಮೇ ತಿಂಗಳಲ್ಲೂ ಎಂಟನೇ ತರಗತಿಗೆ ತನ್ನ ಮನೆಯ ವೀಲಿ ಒಯ್ದು, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾಗಳ ಸಾಲು ತೋರಿಸಿ, ಮಕ್ಕಳು ಪಿಸುಗುಟ್ಟುವುದನ್ನೂ ಮರೆಯುವಂಥ ಕತೆಯೊಂದನ್ನು ಹೇಳುತ್ತಿದ್ದ. ಅವನ ಮುತ್ತಜ್ಜಿ ಲೊವೀಸಾ ಯುದ್ಧದಲ್ಲಿ ಊರು ಬಿಡುವಾಗ ಗೋಡೆ ಗಡಿಯಾರ ಬಿಟ್ಟಳು, ಮದುವೆಯ ಪಿಂಗಾಣಿ ಬಿಟ್ಟಳು. ನಾರುಬಟ್ಟೆಯೊಂದಕ್ಕೆ ವೀಲಿ ಬಳಿದು ಒಣಗಿಸಿ ಅಂಗಿಯೊಳಗೆ ಎದೆಗೊತ್ತಿಕೊಂಡು ಬಂದಳು. ಆ ಬಟ್ಟೆಯನ್ನು ಇಲ್ಲಿ ಹಾಲಿಗೆ ಅದ್ದಿದಾಗ ಹೆಪ್ಪು ಮತ್ತೆ ಜೀವ ಹಿಡಿಯಿತು. ಪಾಠ ಮುಗಿದ ಮೇಲೆ ಪ್ರತಿ ಮಗುವಿಗೂ ಪುಟ್ಟ ಸೀಸೆಯಲ್ಲಿ ಒಂದೊಂದು ಚಮಚ ಹೆಪ್ಪು ಸಿಗುತ್ತಿತ್ತು. ಮುಕ್ಕಾಲು ಪಾಲು ಸೀಸೆಗಳು ಬಸ್‌ ನಿಲ್ದಾಣದ ಕಸದ ಡಬ್ಬಿಗೇ ಹೋಗುತ್ತಿದ್ದವು. ಅದರ ದುಃಖವನ್ನು ಟೌನೊ ವರ್ಷವಿಡೀ ಸ್ಟಾಫ್ ರೂಮಿನಲ್ಲಿ ತೋಡಿಕೊಳ್ಳುತ್ತಿದ್ದ.

ಕಳೆದ ಜುಲೈಯಲ್ಲಿ ಗಂಡ ಹೆಂಡತಿ ಇಬ್ಬರೂ ಮೂರು ವಾರ ಕೆರೆಯಂಚಿನ ಬೇಸಿಗೆ ಮನೆಗೆ ಹೋಗಿದ್ದಾಗ ಇಲ್ಲಿ ಫ್ರಿಜ್ ಕೆಟ್ಟು ಹೋಯಿತು. ವಾಪಸ್ ಬಂದಾಗ ಬೋಗುಣಿಯಲ್ಲಿ ಹಸಿರು, ಕಪ್ಪು ಎಲ್ಲ ಇತ್ತು. ವೀಲಿ ಮಾತ್ರ ಇರಲಿಲ್ಲ. ಟೌನೊ ಸಿಂಕಿನ ಮುಂದೆ ನಿಂತು ನಿಜಕ್ಕೂ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಅಂಗಡಿಗೆ ಹೋಗಿ ಒಂದು ಕಪ್ ವೀಲಿ ಕೊಂಡು ತಂದು, ಅದರಿಂದಲೇ ಮುತ್ತಜ್ಜಿಯ ಬೋಗುಣಿಯಲ್ಲಿ ಹೆಪ್ಪು ಹಾಕಿದ. ಕತೆಗಂತೂ ಫ್ರಿಜ್ ಬೇಕಿರಲಿಲ್ಲವಲ್ಲ, ಅದು ಚೆನ್ನಾಗಿಯೇ ಉಳಿದಿತ್ತು.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆಗಸ್ಟ್‌ನಲ್ಲಿ ಗೃಹವಿಜ್ಞಾನಕ್ಕೆ ಹೊಸ ಟೀಚರ್ ಬಂದಳು, ಸೈಮಿ ಪೆಲ್ಟೋಲಾ. ಅಕ್ಟೋಬರಿನಲ್ಲಿ ಒಂದು ದಿನ ಅವಳೂ ಒಂದು ಬೋಗುಣಿ ವೀಲಿ ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟಳು. ಅವಳ ಚಮಚ ಎದ್ದಿತು, ಎಳೆಯೂ ಎದ್ದಿತು, ಎರಡೂ ಭುಜದವರೆಗೆ ಬಂದರೂ ಎಳೆ ತುಂಡಾಗಲಿಲ್ಲ. ಇಡೀ ಸ್ಟಾಫ್ ರೂಮು ಚಪ್ಪಾಳೆ ತಟ್ಟಿತು. "ಟೌನೊ, ನಿಂದು ಹೀಗೆ ಬಂದು ಎಷ್ಟು ಕಾಲವಾಯ್ತು!" ಎಂದ ಕೇರ್‌ಟೇಕರ್ ಆರ್ಮಾಸ್, ಎರಡನೇ ಸಲ ಬಡಿಸಿಕೊಳ್ಳುತ್ತಾ.

ಜಠರದಲ್ಲಿ ಯಾವ ಗ್ರಂಥಿ ಯಾವ ರಸ ಸುರಿಸುತ್ತದೆ ಎಂದು ಇಪ್ಪತ್ತಾರು ವರ್ಷ ಪಾಠ ಮಾಡಿದವನಿಗೆ ಹೊಟ್ಟೆಕಿಚ್ಚು ಎಲ್ಲಿಂದ ಒಸರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಆದರೆ ಒಸರುತ್ತಿತ್ತು, ದಿನಕ್ಕೆ ಮೂರು ಹೊತ್ತು. ಅದರ ಮೇಲೆ ಸೈಮಿ ಎಲ್ಲರನ್ನೂ ಹೆಸರು ಹಿಡಿದು ಕರೆದು ಅವನೊಬ್ಬನನ್ನು ಮಾತ್ರ "ಮೇಷ್ಟ್ರೇ" ಎನ್ನುತ್ತಿದ್ದಳು. ಮುದುಕನೆಂದು ಅಣಕಿಸುತ್ತಿದ್ದಾಳೆ ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ಈಗ ಮೇ ಬಂದಿತ್ತು. ಮಕ್ಕಳು ಸೈಮಿ ಟೀಚರ ಹೆಪ್ಪೇ ಬೇಕೆಂದು ಹಟ ಹಿಡಿದಿದ್ದರು. ಮುಖ್ಯೋಪಾಧ್ಯಾಯಿನಿ ಔಲಿಕ್ಕಿ ತೀರ್ಪು ಕೊಟ್ಟಿದ್ದರು: "ಗುರುವಾರ ಇಬ್ಬರೂ ತನ್ನಿ. ಮಕ್ಕಳೇ ಅಳೀಲಿ. ಯಾರ ಎಳೆ ಉದ್ದವೋ ಇನ್ಮುಂದೆ ಅವರ ಹೆಪ್ಪೇ ಸೀಸೆಗೆ. ವಿಜ್ಞಾನ ಅಂದ್ರೆ ಅದೇ ತಾನೆ?"

ಇವತ್ತೇ ಆ ಗುರುವಾರ.

ಹತ್ತು ಗಂಟೆಯ ಬಿಡುವಿನಲ್ಲಿ ಸೈಮಿ ಸೈಕಲ್ಲಿನಿಂದ ಬೋಗುಣಿ ಇಳಿಸಿಕೊಂಡು ಬಂದು ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿಟ್ಟಳು. "ಮನೇಲಿ ಒಂದು ಚಮಚಾನೂ ಉಳಿಸಿಲ್ಲ ಮೇಷ್ಟ್ರೇ, ಮಕ್ಕಳಿಗೆ ಕಡಿಮೆ ಆಗಬಾರ್ದು ಅಂತ ಎಲ್ಲಾ ತಂದುಬಿಟ್ಟೆ. ಸಂಜೆ ಇದರಲ್ಲೇ ಒಂದು ಚಮಚ ಹೆಪ್ಪಿಗೆ ಅಂತ ವಾಪಸ್ ಒಯ್ತೀನಿ. ಅಳತೆ ಆದ್ಮೇಲೆ ನಿಮಗೊಂದು ವಿಷಯ ಹೇಳೋದಿದೆ," ಎಂದು ನಕ್ಕಳು.

ಆ ನಗು ಟೌನೊಗೆ ಒಂದಿಷ್ಟೂ ಹಿಡಿಸಲಿಲ್ಲ. ಗೆದ್ದ ಮೇಲೆ ಏನು ಹೇಳುತ್ತಾಳೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಹನ್ನೊಂದಕ್ಕೆ ಇಡೀ ಶಾಲೆ ಊಟದ ಮನೆಗೆ ನಡೆಯಿತು. ಗುರುವಾರ, ಬಟಾಣಿ ಸೂಪಿನ ದಿನ. ಟೌನೊ ಒಬ್ಬನೇ ಹಿಂದೆ ಉಳಿದು ಫ್ರಿಜ್ ತೆಗೆದ. ಬರೀ ನೋಡುವ ಉದ್ದೇಶ. ಬೋಗುಣಿಯ ಮೇಲಿನ ಬಟ್ಟೆ ಸರಿಸಿ ಚಮಚ ಅದ್ದಿ ಎತ್ತಿದ. ಎಳೆ ಅವನ ಗಲ್ಲದವರೆಗೆ ಬಂತು. ಅವನು ಕುರ್ಚಿ ಹತ್ತಿದ. ಎಳೆಯೂ ಹತ್ತಿತು.

ಕುರ್ಚಿಯ ಮೇಲೆ ನಿಂತೇ ಬಾಯಿಗಿಟ್ಟುಕೊಂಡ. ಒಂದು ಕ್ಷಣ ಅವನಿಗೆ ಎಂಟು ವರ್ಷವಾಯಿತು, ಬೇಸಿಗೆಯಾಯಿತು, ಬಾಗಿಲಲ್ಲಿ ಅಜ್ಜಿಯ ಏಪ್ರನ್ ಕಂಡಂತಾಯಿತು. ಥೂ, ಎಲ್ಲಾ ವೀಲಿಯೂ ಒಂದೇ ರುಚಿ ಎಂದುಕೊಂಡು ಇನ್ನೂ ನಾಲ್ಕು ಚಮಚ ತಿಂದ. ಗಲ್ಲಕ್ಕೂ ಟೈಗೂ ಎಳೆ ಮೆತ್ತಿಕೊಂಡಿತ್ತು. ನಾರುಬಟ್ಟೆಯ ಕರವಸ್ತ್ರದಿಂದ ಒರೆಸಿಕೊಂಡು ಅದನ್ನು ಜೇಬಿಗೆ ತುರುಕಿದ.

ಹಾಳು ಮಾಡುವ ಉದ್ದೇಶ ಅವನಿಗೆ ನಿಜಕ್ಕೂ ಇರಲಿಲ್ಲ. ಎಳೆ ಸ್ವಲ್ಪ ಕುಗ್ಗಿದರೆ ಸಾಕಿತ್ತು. ಒಂದು ಎಂಟು ಸೆಂಟಿಮೀಟರಿಗೆ. ಈ ಬ್ಯಾಕ್ಟೀರಿಯಾಗಳಿಗೆ ಬಿಸಿ ಆಗಿಬರುವುದಿಲ್ಲ ಎಂದು ಬಲ್ಲವನು ಅವನೇ. ಬೋಗುಣಿಯನ್ನು ಕೋಟಿನ ಕೆಳಗೆ ಅಡಗಿಸಿಕೊಂಡು ಪ್ರಯೋಗಶಾಲೆಗೆ ಹೋಗಿ ಓವನ್ನಿನಲ್ಲಿಟ್ಟು ನಲವತ್ತು ಡಿಗ್ರಿಗೆ ತಿರುಗಿಸಿದ. ಹತ್ತೇ ನಿಮಿಷ. ಆಮೇಲೆ ಫ್ರಿಜ್ಜಿಗೆ ವಾಪಸ್.

ಬಾಗಿಲು ದಾಟಿದರೆ ಎದುರಿಗೆ ಔಲಿಕ್ಕಿ. "ಊಟ ಬಿಟ್ಟು ಇಲ್ಲೇನು ಮಾಡ್ತಿದೀರಿ ಟೌನೊ? ಟೆನ್ಶನ್ನಾ? ಬನ್ನಿ ಬನ್ನಿ, ಖಾಲಿ ಹೊಟ್ಟೇಲಿ ಸ್ಪರ್ಧೆಗೆ ನಿಲ್ಲಬಾರ್ದು." ತೋಳು ಹಿಡಿದೇ ಎಳೆದುಕೊಂಡು ಹೋದರು. ಬಟಾಣಿ ಸೂಪು ಬಂತು, ಸಾಸಿವೆ ಬಂತು, ಆಮೇಲೆ ಜಾಮ್ ಹಚ್ಚಿದ ಪ್ಯಾನ್‌ಕೇಕ್ ಬಂತು. ಪಕ್ಕದಲ್ಲಿ ಕೂತ ಆರ್ಮಾಸ್ ಮೂರನೇ ಮಹಡಿಯ ಸೋರುವ ನಲ್ಲಿಯ ಕತೆಯನ್ನು ಮೊದಲಿನಿಂದ ಹೇಳತೊಡಗಿದ. ಟೌನೊ ಮೂರು ಸಲ ಏಳಲು ನೋಡಿದ, ಮೂರು ಸಲವೂ ಆರ್ಮಾಸ್ "ಕೂತ್ಕೊಳಯ್ಯ, ಮುಖ್ಯ ವಿಷಯ ಈಗ ಬರುತ್ತೆ" ಎಂದು ಕೂರಿಸಿದ.

ಅರ್ಧ ಗಂಟೆಯ ಮೇಲೆ ಓಡಿ ಬಂದರೆ ಕಾರಿಡಾರಿನಲ್ಲಿ ರಸಾಯನಶಾಸ್ತ್ರದ ಲೆನ್ನಾರ್ಟ್ ಸಿಕ್ಕಿದ. "ಟೌನೊ, ಓವನ್ ನಲವತ್ತಕ್ಕೆ ಇಟ್ಟಿದ್ಯಲ್ಲೋ. ನನ್ನ ಗಾಜಿನ ಸಾಮಾನು ಒಣಗ್ಬೇಕಿತ್ತು, ಮೇಲಿನ ತಟ್ಟೇಲಿ ಇಟ್ಟು ನೂರಮೂವತ್ತಕ್ಕೆ ಏರಿಸಿದೀನಿ. ಕೆಳಗೇನಿತ್ತೋ ನೋಡ್ಲಿಲ್ಲ, ಪರವಾಗಿಲ್ಲ ತಾನೆ?"

ಓವನ್ ತೆಗೆದಾಗ ಬೋಗುಣಿಯಲ್ಲಿ ಹಳದಿ ನೀರಿನ ನಡುವೆ ರಬ್ಬರಿನಂಥ ಮುದ್ದೆಯೊಂದು ಕೂತಿತ್ತು. ಟೌನೊ ಅದನ್ನು ಬೆರಳಿನಿಂದ ಒತ್ತಿದ. ಅದು ಕಿರ್ರೆಂದಿತು. ಪಾಠಕ್ಕೆ ಇಪ್ಪತ್ತು ನಿಮಿಷ ಉಳಿದಿತ್ತು.

ಮುದ್ದೆಯನ್ನು ಕಸಕ್ಕೆ ಎಸೆದು, ಬೋಗುಣಿ ತೊಳೆದು, ರಸ್ತೆಯಾಚೆಯ ಅಂಗಡಿಗೆ ಓಡಿದ. ಎಂಟು ಕಪ್ ವೀಲಿ ಎದೆಗವಚಿಕೊಂಡು ವಾಪಸ್ ಬರುವಾಗ ಗೇಟಿನಲ್ಲಿ ಆರ್ಮಾಸ್ ಏಣಿ ಹಿಡಿದು ನಿಂತಿದ್ದ.

"ಅಲ್ಲಯ್ಯ, ಮುತ್ತಜ್ಜಿ ಹೆಪ್ಪು ಮನೇಲಿಟ್ಕೊಂಡು ಅಂಗಡಿ ವೀಲಿ ಯಾರಿಗೋ?"

"ಬೆಕ್ಕಿಗೆ."

"ನಿಮ್ಮನೇಲಿ ಬೆಕ್ಕೇ ಇಲ್ವಲ್ಲ!"

"ತರೋದಿದೆ," ಎಂದು ಟೌನೊ ಓಡಿದ.

ಕಪ್ಪುಗಳನ್ನು ಸೈಮಿಯ ಬೋಗುಣಿಗೆ ಬಗ್ಗಿಸಿ, ಬಟ್ಟೆ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕುವಷ್ಟರಲ್ಲಿ ಗಂಟೆ ಬಾರಿಸಿತು.

ತರಗತಿಯಲ್ಲಿ ನಲವತ್ತು ಮಕ್ಕಳು, ಔಲಿಕ್ಕಿ, ಲೆನ್ನಾರ್ಟ್, ಏಣಿ ಸಮೇತ ಆರ್ಮಾಸ್. ಪಿಹ್ಲಾ ಎಂಬ ಚುರುಕು ಹುಡುಗಿ ಸ್ಕೇಲ್ ಹಿಡಿದು ಮುಂದೆ ಬಂದಳು. ಮೊದಲು ಸೈಮಿ ಬಟ್ಟೆ ಸರಿಸಿದಳು, ಹುಬ್ಬು ಗಂಟಿಕ್ಕಿದಳು. "ಮೇಲಿನ ಪದರ ಒಡೆದುಹೋಗಿದೆ. ಸೈಕಲ್ಲಲ್ಲಿ ಕುಲುಕಾಡಿರಬೇಕು." ಚಮಚ ಎತ್ತಿದಳು.

"ನಾಲ್ಕು!" ಎಂದಳು ಪಿಹ್ಲಾ.

ಮಕ್ಕಳು "ಅಯ್ಯೋ" ಎಂದರು. ಟೌನೊ ಎತ್ತಿದ.

"ಒಂಬತ್ತು! ಮೇಷ್ಟ್ರು ಗೆದ್ರು!"

ಚಪ್ಪಾಳೆ ಬಿತ್ತು. ಏನೇ ಹೇಳಿ, ಟೌನೊಗೆ ಆ ಅರ್ಧ ನಿಮಿಷ ಬಹಳ ಸುಖವಾಯಿತು. ಏಳು ತಿಂಗಳ ಹೊಟ್ಟೆಕಿಚ್ಚು ತಣ್ಣಗಾಯಿತು. ಎಂದೂ ಇಲ್ಲದವನು ದೊಡ್ಡ ಮನಸ್ಸು ಮಾಡಿ, "ನಿಮ್ಮದೂ ಕೆಟ್ಟದ್ದೇನಲ್ಲ ಸೈಮಿ," ಎಂದ.

"ಕೆಟ್ಟದ್ದು ಹೇಗಾಗುತ್ತೆ ಮೇಷ್ಟ್ರೇ? ಅದೂ ನಿಮ್ಮದೇ."

ಸೈಮಿ ಚಮಚ ಕೆಳಗಿಟ್ಟಳು.

"ಇಪ್ಪತ್ತೆರಡು ವರ್ಷದ ಹಿಂದೆ ನಾನು ಇದೇ ಕ್ಲಾಸಲ್ಲಿ, ಆ ಕಿಟಕಿ ಪಕ್ಕ ಕೂತಿದ್ದೆ. ಆಗ ಸೈಮಿ ಕೋರ್ಪಿ. ಒಂದೇ ವರ್ಷ ಓದಿದ್ದು, ಆಮೇಲೆ ಅಪ್ಪನಿಗೆ ಔಲು ಊರಿಗೆ ವರ್ಗ ಆಯ್ತು. ನೀವು ಕೊಟ್ಟ ಸೀಸೆ ನಾನು ಎಸೀಲಿಲ್ಲ. ಅಮ್ಮ ಇರೋವರೆಗೂ ಅಮ್ಮ, ಆಮೇಲೆ ನಾನು, ಒಂದು ವಾರಾನೂ ತಪ್ಪಿಸದೆ ಉಳಿಸ್ಕೊಂಡು ಬಂದ್ವಿ. ಇದನ್ನ ಇವತ್ತು ಮಕ್ಕಳ ಮುಂದೇನೇ ಹೇಳ್ಬೇಕು ಅಂತ ಬಾಯಿ ಕಟ್ಕೊಂಡಿದ್ದೆ. ಇದು ನಿಮ್ಮ ಮುತ್ತಜ್ಜಿ ಲೊವೀಸಾ ಹೆಪ್ಪು, ಮೇಷ್ಟ್ರೇ."

ಔಲಿಕ್ಕಿ ಎದ್ದು ನಿಂತರು. "ಹಾಗಾದ್ರೆ ಎರಡೂ ಟೌನೊದೇ! ಎರಡರಿಂದಲೂ ಸೀಸೆ ತುಂಬಿ ಮಕ್ಕಳೇ!" ಮತ್ತೆ ಚಪ್ಪಾಳೆ, ಮೊದಲಿನದಕ್ಕಿಂತ ಜೋರಾಗಿ. ಎರಡು ಬೋಗುಣಿಗಳಲ್ಲೂ ಇದ್ದದ್ದು ರಸ್ತೆಯಾಚೆಯ ಅಂಗಡಿಯ ಮಾಲು ಎಂದು ಗೊತ್ತಿದ್ದದ್ದು ಅಲ್ಲಿ ಒಬ್ಬನಿಗೇ.

ಟೌನೊ ಅತ್ತ. ಜೇಬಿನಿಂದ ಕರವಸ್ತ್ರ ತೆಗೆದು, ಗಟ್ಟಿಯಾಗಿ ಒರಟಾಗಿದ್ದ ಅದರಿಂದಲೇ ಕಣ್ಣೊರೆಸಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಎಂಥ ಮೃದು ಮನಸ್ಸು ಎಂದು ಆರ್ಮಾಸ್ ಕೂಡ ಮೂಗು ಸೀನಿದ. ಸೈಮಿ ಮೆಲ್ಲಗೆ ಕರವಸ್ತ್ರ ಬಿಡಿಸಿಕೊಂಡಳು. "ಕೊಡಿ ಮೇಷ್ಟ್ರೇ, ಎಷ್ಟು ಗಲೀಜಾಗಿದೆ," ಎಂದು ಕಾಗದದ ಟವೆಲ್ ಕೈಗಿತ್ತು ಹೊರಗೆ ಹೋದಳು.

ಮಕ್ಕಳು ಸೀಸೆ ತುಂಬಿಕೊಳ್ಳುತ್ತಿದ್ದರು. ಪಿಹ್ಲಾ ಬಂದು ಕೇಳಿದಳು: "ಮೇಷ್ಟ್ರೇ, ನಾವು ತಿಂದ ವೀಲಿ ಹೊಟ್ಟೇಲಿ ಬದುಕಿರುತ್ತಾ?"

ಐದು ಚಮಚ, ಎಂದು ನೆನಪಾಯಿತು ಟೌನೊಗೆ. ಮುತ್ತಜ್ಜಿಯ ಹೆಪ್ಪು ಈಗ ಬಟಾಣಿ ಸೂಪಿನ ಜೊತೆಯಲ್ಲಿತ್ತು. "ಜಠರದಲ್ಲಿ ಆಮ್ಲ ಇದೆಯಮ್ಮ. ಬಹುಪಾಲು ಸತ್ತು ಹೋಗುತ್ತೆ."

"ಬದುಕಿದ್ರೂ ವಾಪಸ್ ತಗೊಳ್ಳೋಕಾಗಲ್ಲ."

"ಆಗಲ್ಲ. ತಗೊಂಡ್ರೂ ಯಾರೂ ತಿನ್ನಲ್ಲ."

"ಅದಕ್ಕೇ ನಿಮ್ಮ ಮುತ್ತಜ್ಜಿ ಬಟ್ಟೆಗೆ ಬಳಿದು ಒಣಗಿಸಿಟ್ಟಿದ್ದು, ಅಲ್ವಾ? ಒಣಗಿದ್ರೂ ಅದು ಸಾಯಲ್ಲ ತಾನೆ?"

ಟೌನೊ ಪಿಹ್ಲಾಳ ಮುಖವನ್ನೇ ನೋಡಿದ. ಬಟ್ಟೆ. ನಾರುಬಟ್ಟೆ. ಗಲ್ಲ ಒರೆಸಿ, ಜೇಬಿನಲ್ಲಿ ಒಂದು ಗಂಟೆ ಒಣಗಿ ಗಟ್ಟಿಯಾಗಿದ್ದ ಕರವಸ್ತ್ರ! ಒಂದು ಲೋಟ ಹಾಲಿಗೆ ಅದ್ದಿದರೆ ಸಾಕು, ಮುತ್ತಜ್ಜಿ ನಾಳೆ ಬೆಳಿಗ್ಗೆಗೆ ಎದ್ದು ಕೂರುತ್ತಾಳೆ. ಕುರ್ಚಿ ಬೀಳಿಸಿಕೊಂಡು, ಸೀಸೆಗಳನ್ನು ದಾಟಿಕೊಂಡು ಗೃಹವಿಜ್ಞಾನದ ಕೋಣೆಗೆ ಓಡಿದ.

ಬಾಗಿಲಲ್ಲೇ ಸೈಮಿ ಸಿಕ್ಕಿದಳು, ಕೈ ಒರೆಸಿಕೊಳ್ಳುತ್ತಾ. ಅವಳ ಹಿಂದೆ ಬಟ್ಟೆ ಒಗೆಯುವ ಮೆಷಿನ್ನು ಗುರ್ರೆನ್ನುತ್ತಿತ್ತು.

"ಕರವಸ್ತ್ರ..." ಎಂದ ಟೌನೊ.

"ಹಾಕಿದೀನಿ ಮೇಷ್ಟ್ರೇ, ತೊಂಬತ್ತು ಡಿಗ್ರಿಗೆ. ಒಂದು ಕಲೆನೂ ಉಳಿಯಲ್ಲ, ಇಸ್ತ್ರಿ ಮಾಡೇ ಕೊಡ್ತೀನಿ. ಗುರುಗಳಿಗೆ ಇಷ್ಟಾದ್ರೂ ಮಾಡ್ಬೇಡ್ವೇ?" ಎಂದು ಸೈಮಿ ಕಣ್ತುಂಬಿಕೊಂಡಳು. "ಅಂದಹಾಗೆ ನೀವು ಬೆಕ್ಕು ತರ್ತೀರಂತೆ, ಆರ್ಮಾಸ್ ಹೇಳ್ದ. ಬೇರೆ ಕಡೆ ಹುಡುಕ್ಬೇಡಿ. ನಮ್ಮನೇದು ಐದು ಮರಿ ಹಾಕಿದೆ, ನಾಳೆ ಎರಡು ತಂದುಕೊಡ್ತೀನಿ."